ಶೇನ್‌ಗೆ ಕೊಟ್ಟ ಪುಕ್ಕಟೆ ಮಂಚ

ಹವಲ್ಲಿ, ನವೆಂಬರ್ ೧೨, ಬುಧವಾರ

ಶೇನ್‌ನ ಕಂಪನಿ ಈ ತಿಂಗಳಿಂದ ಮನೆ ಬಾಡಿಗೆಯ ಭತ್ಯೆಯನ್ನು ನಿಲ್ಲಿಸಿದೆ. ಬದಲಿಗೆ ಸಬ್ಹಾನ್‌ನ ಕೆಲಸಗಾರರ ಕ್ಯಾಂಪಿನಲ್ಲಿ ಒಂದು ಮಂಚವಂತೆ, ಪುಕ್ಕಟೆ. ಇದಕ್ಕೆ ಅವರಿಟ್ಟ ಹೆಸರು 'ಸೌಲಭ್ಯ ಸುಧಾರಣೆ'. ಯಾರ ಸೌಲಭ್ಯ ಸುಧಾರಿಸಿತು? ಅವನ ಹೆಂಡತಿ ಡೆಲ್ಮಾ, ನನ್ನ ತಂಗಿಯ ಮಗಳು, ಮೊಲೆಹಾಲಿನ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು? ಆ ಕ್ಯಾಂಪಿನೊಳಗೆ ಹೆಂಗಸರನ್ನು ಬಿಡುವುದೇ ಇಲ್ಲ.

"ಥ್ಯಾಂಕ್ಯೂ ಸರ್ ಅಂತ ಹೇಳಿ ಬಂದೆ ಮಾವ್ಶಿ, ಬಾಯಿಗೆ ಬೇರೆ ಎಂತದೂ ಬರ್ಲಿಲ್ಲ" ಎಂದ ಶೇನ್, ಸಂಜೆ ನಾನು ಅವರ ಮನೆಗೆ ಹೋದಾಗ.

"ಒಂದು ಕೇಕ್ ಸಹ ಕೊಟ್ಟು ಬರ್ಬೇಕಿತ್ತು ಮಾರಾಯ!" ಎಂದು ಬೈದೆ. ಪಾಪ, ಬೈಸಿಕೊಳ್ಳಬೇಕಾದವನು ಅವನಲ್ಲ.

ಡೆಲ್ಮಾ ಕೂಸಿನೊಂದಿಗೆ ಊರಿಗೆ ಹೊರಡಲು ಸೂಟ್‌ಕೇಸ್ ಇಳಿಸಿದಳು. ನಾನು ಅದನ್ನು ಮತ್ತೆ ಕಪಾಟಿನ ಮೇಲೆ ಏರಿಸಿದೆ.

ಮನೆಗೆ ಬಂದು ಊರಲ್ಲಿರುವ ತಂಗಿಗೆ ಪತ್ರ ಬರೆಯಲು ಕೂತವಳು, ಎಂದಿನಂತೆ 'ನಾವೆಲ್ಲ ಸೌಖ್ಯ' ಎಂದು ಬರೆದು ಹೊಡೆದು ಹಾಕಿದೆ. ಇಂದು ಆ ಸುಳ್ಳು ಬರೆಯಲಾರೆ.

ನಾಳೆ ನನ್ನ ಕೋಣೆಯ ನಡುವೆ ಪ್ಲೈವುಡ್ ನಿಲ್ಲಿಸಿ ಆ ಮೂವರನ್ನೂ ಇಲ್ಲಿಗೇ ಕರೆತರುತ್ತೇನೆ. ಇರುವ ಒಂದು ಕಿಟಕಿ ಕೂಸಿನ ಕಡೆಗಿರಲಿ. ಆ ಪುಕ್ಕಟೆ ಮಂಚದಲ್ಲಿ ಕಂಪನಿಯ ಸಾಹೇಬನೇ ಹೋಗಿ ಮಲಗಲಿ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು, ಒಂದೇ ಒಂದು ರಾತ್ರಿ...