ಬಂಡೆ ತಿರುವಿನ ಅಳತೆ

ಮಾರ್ಚ್ 3, ಸೋಮವಾರ

ಮತ್ತೆ ಬಂಡೆ ತಿರುವು ಅಳೆದೆ. ನಾಲ್ಕನೇ ಸಲ. ಅಗಲ ಎಂಟಡಿ ಎರಡಿಂಚು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಕ್ಕದವರ ಕಲ್ಲುಗೋಡೆ. ಎರಡೂ ಜಗ್ಗುವ ಪೈಕಿ ಅಲ್ಲ. ಮನೆಯಿಂದ ಮೇಲಿನ ಹೊಲಕ್ಕೆ ಇರುವುದು ಇದೊಂದೇ ದಾರಿ. ಹೋದ ವರ್ಷ ಪಕ್ಕದವರ ದೊಡ್ಡ ಟ್ರ್ಯಾಕ್ಟರ್ ಇಲ್ಲೇ ಸಿಕ್ಕಿಹಾಕಿಕೊಂಡು ಅರ್ಧ ದಿನ ಒದ್ದಾಡಿತ್ತು. ಆಮೇಲೆ ಮೇಲಕ್ಕೆ ಯಾವ ಗಾಡಿಯೂ ಹೋಗಿಲ್ಲ. ಹೊಲದ ತುಂಬ ಪೊದೆ ಆಳೆತ್ತರ ಬೆಳೆದಿದೆ.

ಹೊಲದಲ್ಲಿ ಅರ್ಧ ಪಾಲು ಅಣ್ಣನದು. ಮಾರಿಬಿಡೋಣ ಎನ್ನುತ್ತಾನೆ. "ಹತ್ತೋಕೇ ಆಗದ ಜಮೀನು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?" ನಿನ್ನೆ ಊಟದ ಮೇಜಿನಲ್ಲಿ ಜಗಳ. ಕೊನೆಗೆ ಅತ್ತಿಗೆಯೇ ಇಬ್ಬರ ಬಾಯಿ ಮುಚ್ಚಿಸಿ ಒಂದು ತೀರ್ಮಾನಕ್ಕೆ ತಂದರು. ಟ್ರ್ಯಾಕ್ಟರ್ ಕೊಳ್ಳುವುದು. ಮೂವತ್ತನೇ ತಾರೀಕಿನೊಳಗೆ ನಾನೇ ಓಡಿಸಿಕೊಂಡು ಮೇಲೆ ಹೋಗಿ ಪೊದೆ ಕತ್ತರಿಸಿದರೆ ಹೊಲ ಉಳಿಯುತ್ತದೆ. ಇಲ್ಲವಾದರೆ ಮಾರಾಟದ ಕಾಗದಕ್ಕೆ ನನ್ನ ಸಹಿ.

ಒಪ್ಪಿದ್ದೇನೆ. ಮೂವತ್ತೆರಡು ವರ್ಷ ಕಿಟಕಿಯಿಲ್ಲದ ಎಂಟಡಿ ಅಂಗಡಿಯಲ್ಲಿ ಕೂತು ಊರವರ ಬಟ್ಟೆ ಹೊಲಿದವಳು ನಾನು. ಗಾಳಿ ಬೀಸುವ ಆ ಹೊಲ ನನಗೆ ಬೇಕು. ಅಷ್ಟೇ.

ಮಾರ್ಚ್ 5, ಬುಧವಾರ

ಶೋರೂಮು. ಅಣ್ಣ ನೇರವಾಗಿ ನಲವತ್ತೈದು ಹೆಚ್‌ಪಿಯ ಹತ್ತಿರ ಹೋಗಿ ಬಾನೆಟ್ ತಟ್ಟಿದ. "ಟ್ರ್ಯಾಕ್ಟರ್ ಅಂದ್ರೆ ಹೀಗಿರ್ಬೇಕು. ನೀನು ನೋಡ್ತಿರೋದು ಆಟದ ಸಾಮಾನು."

ನಾನು ನೋಡುತ್ತಿದ್ದುದು ಇಪ್ಪತ್ನಾಲ್ಕು ಹೆಚ್‌ಪಿ. ತಗ್ಗು ಮೈ. ನಾಲ್ಕೂ ಚಕ್ರಕ್ಕೆ ಎಳೆತ. ಏರುದಾರಿಗೆ ಬೇಕಾದದ್ದೇ ಅದು.

ಶೋರೂಮಿನವನು ಬಾಯಿಪಾಠ ಒಪ್ಪಿಸಿದ. ಉಳೋಕೆ ರೋಟವೇಟರ್, ಗುಂಡಿ ತೋಡೋಕೆ ಇದು, ನೆಲ ಸಮ ಮಾಡೋಕೆ ಅದು... "ಎಲ್ಲ ಒಟ್ಟಿಗೆ ತಗೊಂಡ್ಬಿಡಿ ಮೇಡಂ, ಮುಂದೆ ಯೋಚ್ನೇನೇ ಇರಲ್ಲ." ಯೋಚನೆ ಮಾಡುವುದೇ ನನಗಿಷ್ಟ ಎಂದೆ. ಮುಂದೆ ಕಲ್ಲುಮಣ್ಣು ಎತ್ತಲು ಬಕೆಟ್. ಹಿಂದೆ ಪೊದೆ ಕತ್ತರಿಸಲು ಮೋವರ್. ಎರಡೇ ಸಾಕು.

"ಟೈರಿಗೆ ನೀರು ಸುರಿದು, ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಬನ್ನಿ" ಎಂದೆ. ಮಿಕಮಿಕ ನೋಡಿದ. ಆದರೂ ಬಂದ. ಸಿಮೆಂಟಿನ ಅಂಗಳದಲ್ಲಿ ಒದ್ದೆ ಗುರುತು ಬಿತ್ತು. ಅದು ಆರುವ ಮೊದಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೇಪು ಹಿಡಿದು ಮಂಡಿಯೂರಿದೆ. ಅಣ್ಣ ನನ್ನ ಪರಿಚಯವೇ ಇಲ್ಲದವನಂತೆ ಗೇಟಿನ ಹತ್ತಿರ ಹೋಗಿ ನಿಂತ.

ಮಾರ್ಚ್ 8, ಶನಿವಾರ

ಹಳೆಯ ಪರದೆಗಳನ್ನೆಲ್ಲ ಕೂಡಿಸಿ ಹೊಲಿದೆ. ಟ್ರ್ಯಾಕ್ಟರ್ ಹಾಕಿದ ಆ ಸುತ್ತಿನ ಕಾಲು ಭಾಗದ ಪಡಿಯಚ್ಚು, ಪೂರ್ತಿ ಅಳತೆಗೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಪೇಪರ್ ಕಟಿಂಗ್ ಮಾಡುತ್ತಿದ್ದೆನಲ್ಲ, ಅದೇ ಬುದ್ಧಿ. ಅತ್ತಿಗೆಯೂ ನಾನೂ ಹೊತ್ತೊಯ್ದು ತಿರುವಿನಲ್ಲಿ ಹಾಸಿದೆವು.

"ಟ್ರ್ಯಾಕ್ಟರಿಗೆ ಫ್ರಾಕ್ ಹೊಲಿದ್ಯಾ, ಟೇಪಮ್ಮ?" ಎಂದ ಅಣ್ಣ. ಚಿಕ್ಕಂದಿನಿಂದ ಅವನು ಕರೆಯುವುದೇ ಹಾಗೆ.

ಕೂತಿತು! ಬಂಡೆಯ ಕಡೆ ಆರಿಂಚು, ಗೋಡೆಯ ಕಡೆ ಐದಿಂಚು ಉಳಿದೇ ಕೂತಿತು. ಶೋರೂಮಿನಲ್ಲೇ ಅಳೆದು ತಂದಿದ್ದ ಅವನ ನಲವತ್ತೈದು ಹೆಚ್‌ಪಿಯ ಅಳತೆ ಹಿಡಿದು ತೋರಿಸಿದೆ — ಗೋಡೆ ದಾಟಿ ಎರಡಡಿ ಆಚೆ. ಅಣ್ಣ ಬಗ್ಗಿ ನೋಡಿದ. ಕುಣಿಯಬೇಕೆನಿಸಿತು. ಮಂಡಿ ನೋವು, ಕುಣಿಯಲಿಲ್ಲ.

ಮಾರ್ಚ್ 17, ಸೋಮವಾರ

ಟ್ರಯಲ್‌ಗೆ ಗಾಡಿ ತಂದರು. ಬಕೆಟ್, ಐದಡಿ ಮೋವರ್, ಎಲ್ಲ ಕಟ್ಟಿಕೊಂಡು. ಶೋರೂಮಿನವನೇ ಓಡಿಸಿದ. ತಿರುವಿನಲ್ಲಿ ಚಕ್ರಗಳು ಪರದೆ ಹಾಸಿ ನಾನು ಎಳೆದಿದ್ದ ಗೆರೆಯ ಮೇಲೆಯೇ ಹೋದವು. ನಾನು ಬೀಗುತ್ತ ನಿಂತಿದ್ದೆ.

ಆಗ ಕರ್ರ್ ಎಂದಿತು. ಗಾಡಿಯ ಮೂತಿ ಒಳಕ್ಕೆ ತಿರುಗಿದಾಗ ಹಿಂದಿದ್ದ ಮೋವರ್ ಹೊರಕ್ಕೆ ಬೀಸಿ ಗೋಡೆಗೆ ಉಜ್ಜಿತ್ತು. ಮುಂದೆ ಹೋಗಲಿಲ್ಲ.

ತಪ್ಪು ನನ್ನದೇ. ಚಕ್ರ ಅಳೆದೆ, ಬೆನ್ನಿಗೆ ಕಟ್ಟುವುದನ್ನು ಅಳೆಯಲಿಲ್ಲ. ಹೊಲಿಗೆಗೆ ಬಟ್ಟೆ ಬಿಡದೆ ಕತ್ತರಿಸಿದ ಹಾಗಾಯಿತು. ಕಲಿಯಲು ಬಂದವರಿಗೆ ಇದಕ್ಕಾಗಿಯೇ ಎಷ್ಟು ಬೈದಿದ್ದೇನೆ! ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಣ್ಣ ನಗಲಿಲ್ಲ. "ಹೋಗ್ಲಿ ಬಿಡು. ನಿನ್ನ ಕೈಲಾದ್ದು ಮಾಡ್ದೆ" ಎಂದ. ನಕ್ಕಿದ್ದರೇ ವಾಸಿಯಿತ್ತು.

ಮಾರ್ಚ್ 19, ಬುಧವಾರ

ನಿನ್ನೆ ಬರೆಯಲಿಲ್ಲ. ಇವತ್ತು ಎದ್ದವಳೇ ಶೋರೂಮಿಗೆ ಫೋನು.

"ನಾಲ್ಕಡಿ ಮೋವರ್ ಇದ್ಯಾ?"

"ಇದೆ ಮೇಡಂ. ಆದ್ರೆ ಐದಡಿದು ಆದ್ರೆ ಕೆಲ್ಸ ಬೇಗ ಆಗತ್ತೆ."

"ಗೋಡೆಗೆ ಸಿಕ್ಕಿಹಾಕ್ಕೊಂಡು ನಿಂತ್ರೆ ಯಾವ ಬೇಗ ರೀ?"

ಹೋದೆ. ನಾಲ್ಕಡಿಯದು ಟೈರುಗಳ ಅಗಲಕ್ಕೆ ಸರಿಸಮ. ಹಿಂದಕ್ಕೂ ಗಿಡ್ಡ. ಈ ಸಲ ಮೋವರಿನ ಮೂಲೆಗೂ ಬಕೆಟ್ಟಿನ ಮೂಲೆಗೂ ತೂತು ಮಾಡಿದ ನೀರಿನ ಬಾಟಲಿ ಕಟ್ಟಿ ಸುತ್ತು ಹಾಕಿಸಿದೆ. ಮೆಕ್ಯಾನಿಕ್‌ಗಳೆಲ್ಲ ಕೆಲಸ ಬಿಟ್ಟು ನೋಡಲು ಬಂದರು. ಮನೆಗೆ ಬಂದು ಪರದೆಯ ಅಂಚು ಬಿಚ್ಚಿ ಅಗಲ ಕೂಡಿಸಿದೆ. ಹಾಸಿದೆ. ಗೋಡೆಯ ಕಡೆ ಎರಡಿಂಚು ಉಳಿಯಿತು.

ಎರಡಿಂಚು! ಕಾಲರ್ ಹೊಲಿದವಳಿಗೆ ಅದು ಮೈದಾನ.

ಮಾರ್ಚ್ 29, ಶನಿವಾರ

ಟ್ರ್ಯಾಕ್ಟರ್ ಕೊಂಡು ಮನೆಗೆ ತಂದು ಎಂಟು ದಿನ, ಅಂದಿನಿಂದ ಕೆಳಗಿನ ಅಂಗಳದಲ್ಲಿ ಅಭ್ಯಾಸ. ಏರಿನಲ್ಲಿ ಜಾರದಂತೆ ತೂಕ ಇರಲಿ ಎಂದು ಹಿಂದಿನ ಟೈರುಗಳ ಒಳಗೆ ನೀರು ತುಂಬಿಸಿದ್ದಾಯಿತು. ಬಕೆಟ್ ನೆಲಕ್ಕೆ ಹತ್ತಿರ ಇಟ್ಟೇ ಓಡಿಸಬೇಕು. ಹೊಲಿಗೆ ಯಂತ್ರ ತುಳಿದ ಕಾಲು, ಕ್ಲಚ್ ಬೇಗ ಕಲಿಯಿತು.

ನಾಳೆ ಕೊನೆ ದಿನ. ಅಣ್ಣ ಮಾರಾಟದ ಕಾಗದ ಮೇಜಿನ ಮೇಲಿಟ್ಟಿದ್ದಾನೆ. ಮೇಲೆ ಪೆನ್ನು ಬೇರೆ.

ಮಾರ್ಚ್ 30, ಭಾನುವಾರ. ಮಧ್ಯಾಹ್ನ

ಮೇಲಿನ ಹೊಲ! ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

ತಿರುವಿನಲ್ಲಿ ಅತ್ತಿಗೆ ಗೋಡೆಯಾಚೆ ನಿಂತು ಕೂಗುತ್ತಿದ್ದರು — "ಬಾ... ಬಾ... ಇನ್ನೂ ಇದೆ, ಬಾ!" ಉಸಿರು ಬಿಗಿಹಿಡಿದು ತಿರುಗಿಸಿದೆ. ಎಲ್ಲೂ ತಾಗಲಿಲ್ಲ. ಆಮೇಲೆ ಮೂರು ಗಂಟೆ ಕತ್ತರಿಸಿದ್ದೇ ಕತ್ತರಿಸಿದ್ದು. ಮೈಯೆಲ್ಲ ಹಸಿ ಹುಲ್ಲಿನ ವಾಸನೆ. ಗೆದ್ದೆ. ಗೆದ್ದೇಬಿಟ್ಟೆ!

ಅಣ್ಣ ಅತ್ತಿಗೆಯ ಜೊತೆ ಏದುಸಿರು ಬಿಡುತ್ತ ನಡೆದೇ ಬಂದ. ಕೈಯಲ್ಲಿ ಆ ಕಾಗದ. ಬೋಳಾದ ಹೊಲದ ಅಂಚಿಗೆ ಹೋಗಿ ಬಹಳ ಹೊತ್ತು ಕೆಳಗೆ ನೋಡಿದ. "ಇಲ್ಲಿಂದ ಇಷ್ಟೆಲ್ಲ ಕಾಣತ್ತೆ ಅಂತ ಮರೆತೇಹೋಗಿತ್ತು ಕಣೇ" ಎಂದ. ವಾಪಸು ಬಂದು, ಕಾಗದ ಮುದುರಿ ಬಾನೆಟ್ಟಿನ ಧೂಳು ಒರೆಸಿದ. ಒಂದು ಸಲ ತಟ್ಟಿದ.

"ನಂಗೂ ಒಂದು ಸುತ್ತು ಕೊಡು."

ಗೇರು, ಬ್ರೇಕು ತೋರಿಸಿ ಕೂರಿಸಿದ್ದೇನೆ. ಅತ್ತಿಗೆ ಚಪ್ಪಾಳೆ ಹೊಡೆಯುತ್ತಿದ್ದಾರೆ. ನೇರವಾಗಿಯೇ ಹೋಗುತ್ತಿದ್ದಾನೆ, ಪರವಾಗಿಲ್ಲ. ಈಗ ಬೇಲಿಯ ಹತ್ತಿರ ತಿರುಗಿಸುತ್ತಿದ್ದಾನೆ... ಅಯ್ಯೋ, ಬೆನ್ನ ಹಿಂದಿನ ಅಳತೆ ಹೇಳಲೇ ಇಲ್ಲವಲ್ಲ — ಅಣ್ಣಾ, ಹಿಂದೆ —