ಪರದೆಯಲ್ಲಿಲ್ಲದ ಕೆಂಪು ಕೊಟ್ಟಿಗೆ

ಓಲೆಸುಂಡ್, ಮಂಗಳವಾರ

ಮುದ್ದಿನ ಅಕ್ಕಾ,

ನನ್ನ ಎಸ್ಕಿಲ್ ಒಂದು ಕೋಣೆಯೊಳಗೆ ಊರೆದುರಿನ ಇಡೀ ಕಡಲನ್ನೇ ಕಂಪ್ಯೂಟರ್ ಪರದೆಗಳ ಮೇಲೆ ಕಟ್ಟಿದ್ದಾನೆ! ಅಲೆ ನೋಡಿಯೇ ನನಗೆ ತಲೆಸುತ್ತು, ಈಗ ಆರಾಮಾಗಿದ್ದೇನೆ. ಅಲ್ಲಿ ಹಡಗು ನಡೆಸಿ ತೋರಿಸಿದರಷ್ಟೇ ಕ್ಯಾಪ್ಟನ್ ಯೋಸ್ತೈನ್ ಅವರ ಪರವಾನಗಿ ಉಳಿಯುವುದು. ಮೂವತ್ತು ವರ್ಷದ ಅನುಭವವಿದ್ದೂ ನಿನ್ನೆ ಪರದೆಯ ಬಂಡೆಗೆ ಹಡಗು ಗುದ್ದಿಸಿ, ಎಸ್ಕಿಲ್‌ನನ್ನೇ ಗದರಿದರು:

“ನಮ್ಮನೆ ಕೆಂಪು ಕೊಟ್ಟಿಗೆ ಎಲ್ಲಯ್ಯಾ? ಚರ್ಚ್ ಗೋಪುರ ಅದರ ನೆತ್ತಿ ಮೇಲೆ ಬಂದಾಗ್ಲೇ ನಾನು ಹಡಗು ತಿರುಗಿಸೋದು.”

ದಡವನ್ನು ಕಟ್ಟುವಾಗ ಎಸ್ಕಿಲ್ ಕೊಟ್ಟಿಗೆಗಳನ್ನೆಲ್ಲ ಬಿಟ್ಟೇಬಿಟ್ಟಿದ್ದ. ಕ್ಷಮೆ ಕೇಳಿ, ಅದನ್ನೂ ಮನೆಯನ್ನೂ ಸೇರಿಸಿದ. ಇಂದು ಅವರು ಸಲೀಸಾಗಿ ತಿರುಗಿಸಿ ಪಾಸಾದರು, ಜೊತೆಗೆ ಎರಡು ಸಲ ಹಾರ್ನ್ ಹೊಡೆದರು.

“ಅದ್ಯಾಕೆ ಕ್ಯಾಪ್ಟನ್ರೇ?” ಎಂದೆ.

“ನಾನು ಬಂದೆ ಅಂತ ಗೊತ್ತಾಗಿ ನಮ್ಮವಳು ಊಟಕ್ಕೆ ಆಲೂಗಡ್ಡೆ ಬೇಯೋಕಿಡ್ಬೇಕಲ್ಲಮ್ಮಾ.”

ಹಾರ್ನ್ ಕೇಳಿದೊಡನೆ ಪರದೆಯ ಮೇಲಿನ ಆ ಮನೆಯ ಅಡುಗೆಕೋಣೆಯಲ್ಲಿ ದೀಪ ಹತ್ತುವಂತೆ ಎಸ್ಕಿಲ್ ಈಗ ಮಾಡುತ್ತಿದ್ದಾನೆ. ಎಂಥವನನ್ನು ಕಟ್ಟಿಕೊಂಡೆ ನೋಡು!

ನಿನ್ನ ಸೀನೊವೆ