ಅಳತೆ ಉಳಿಸಲಾಗಿದೆ

ಸೋಮವಾರ, ಮಧ್ಯಾಹ್ನ

ಪಾಪುವಿನ ಅಪ್ಪನಿಗೆ,

ನಿನ್ನೆ ಕೆಟ್ಟ ಕನಸು ಬಿತ್ತು. ನನ್ನ ಹೊಲಿಗೆ ಅಂಗಡಿಯಲ್ಲಿ ನಿಮ್ಮ ಎದೆಯಳತೆ ತೆಗೆಯುತ್ತಿದ್ದೇನೆ, ಟೇಪಿನ ಮೇಲೆ ಒಂದೂ ಅಂಕಿ ಇಲ್ಲ. ಎದ್ದು ಇಸ್ತ್ರಿಪೆಟ್ಟಿಗೆಯ ಪ್ಲಗ್ ನೋಡಿಬಂದೆ, ಬಾಗಿಲು ನೋಡಿಬಂದೆ, ಆಮೇಲೆ ಮತ್ತೆ ಪ್ಲಗ್ ನೋಡಿಬಂದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ಬರುವ ಭಾನುವಾರ ನೀವು ಪಾಲುದಾರರ ಜೊತೆ ಹೊಲಿಗೆ ಅಂಗಡಿ ತೆರೆಯುತ್ತೀರಂತೆ. ಅತ್ತೆ ಫೋನಿನಲ್ಲಿ ಹೇಳಿದರು. ಆಸ್ಪತ್ರೆಯ ನರ್ಸುಗಳ ಸಮವಸ್ತ್ರದ ಕೆಲಸವೂ ಸಿಕ್ಕಿದೆಯಂತೆ. ಅಳತೆ ಇಟ್ಟುಕೊಳ್ಳಲು ನನಗೆ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮಾಡಿಕೊಟ್ಟಿದ್ದ ಪ್ರೋಗ್ರಾಮನ್ನೇ ಒಂದಕ್ಷರ ಬದಲಾಯಿಸದೆ ಹಾಕಿದ್ದೀರಂತೆ. ಕೇಳಿ ಹೊಟ್ಟೆ ತಣ್ಣಗಾಯಿತು.

ನನ್ನ ಅಂಗಡಿಗೆ ವೇಷದ ಬಟ್ಟೆ ಹೊಲಿಸಲು ಬಂದಿದ್ದ ನಾಟಕದವರ ಅಳತೆ ನೆನಪಿದೆಯೇ? ಒಬ್ಬೊಬ್ಬರದನ್ನೂ ಕೂತು ಕಂಪ್ಯೂಟರಿನಲ್ಲಿ ಒತ್ತಿದ್ದೆ. ಪ್ರತಿ ಸಲವೂ ಪರದೆ 'ಅಳತೆ ಉಳಿಸಲಾಗಿದೆ' ಎಂದಿತು. ಬಟ್ಟೆ ಕತ್ತರಿಸಲು ಹೊರಟಾಗ ಒಂದೂ ಇಲ್ಲ. ಅವರು ಬಾಡಿಗೆ ಬಟ್ಟೆಯಲ್ಲಿ ಆಟ ಮುಗಿಸಿ, ಹೋದಲ್ಲೆಲ್ಲ ನನ್ನ ಹೆಸರು ಕೆಡಿಸಿದರು. ನೀವು ಅತ್ತೆಯ ಎದುರು, ಗಿರಾಕಿಗಳ ಎದುರು ನಕ್ಕು ಹೇಳಿದಿರಿ: "ಇವಳ ಕೈಗೆ ಕೊಟ್ರೆ ಇನ್ನೇನಾಗುತ್ತೆ? ಅರ್ಧಕ್ಕೆ ಶಾಲೆ ಬಿಟ್ಟೋಳು. ಎಲ್ಲಾ ಅಳಿಸಿ ಕೂತಿದ್ದಾಳೆ."

ನಾನೂ ನಂಬಿದೆ. ಎಲ್ಲಿ ಏನು ತಪ್ಪಿ ಒತ್ತಿದೆನೋ ಎಂದು ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದೆ. ಅಂಗಡಿ ಮುಚ್ಚಿತು. ಈಗ ಬೇರೆಯವರ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುತ್ತೇನೆ.

ಮೊನ್ನೆ ಹಳೆಯ ಕಂಪ್ಯೂಟರ್ ಮಾರಲು ರಿಪೇರಿಯವಳ ಬಳಿ ಒಯ್ದೆ. ಬೇಕಾದ್ದೇನಾದರೂ ಒಳಗಿದೆಯೇ ಎಂದು ತೆರೆದವಳು ನಿಮ್ಮ ಪ್ರೋಗ್ರಾಂ ಓದಿ ಕುರ್ಚಿಯಿಂದ ಬೀಳುವಷ್ಟು ನಕ್ಕಳು. ಫೈಲು ಬರೆಯಬೇಕಾದರೆ ಯಂತ್ರದೊಳಗಿನ ದಾರಿ ಕೊಡಬೇಕಂತೆ, ಯಾವ ಫೋಲ್ಡರು, ಅದರೊಳಗೆ ಯಾವ ಫೈಲು ಅಂತ. ನೀವು ಕೊಟ್ಟದ್ದು ವೆಬ್ ವಿಳಾಸ, ಎಚ್‌ಟಿಟಿಪಿಯಿಂದ ಶುರುವಾಗುವಂಥದ್ದು. ಅದು ಬ್ರೌಸರಿನಲ್ಲಿ ನೋಡಲಿಕ್ಕೆ. ಪರ್ಲ್ ಅದನ್ನೂ ಫೋಲ್ಡರೆಂದು ತಿಳಿದು ಹುಡುಕುತ್ತದೆ, ಸಿಗುವುದಿಲ್ಲ. ಫೈಲು ತೆರೆಯದಿದ್ದರೆ ಅಲ್ಲೇ ನಿಂತು ಹೇಳು ಎಂಬ ಒಂದು ಮಾತನ್ನೂ ನೀವು ಬರೆದಿಲ್ಲ. ಹಾಗಾಗಿ ಅಳತೆ ಎಲ್ಲಿಯೂ ಹೋಗಿ ಕೂರದೆ, ಪರದೆ ಮಾತ್ರ ಉಳಿಸಿದೆ ಎನ್ನುತ್ತಿತ್ತು.

"ನೀವೇನೂ ಅಳಿಸಿಲ್ಲ ಅಕ್ಕ," ಎಂದಳು. "ಅಳಿಸೋಕೆ ಅಲ್ಲಿ ಏನಾದ್ರೂ ಇದ್ರೆ ತಾನೇ."

ಭಾನುವಾರದೊಳಗೆ ಆ ಸಾಲು ತಿದ್ದಿಕೊಳ್ಳಿ. ಎಚ್ಚರಿಸುವುದು ನನ್ನ ಧರ್ಮ, ಎಚ್ಚರಿಸಿದ್ದೇನೆ. ನರ್ಸುಗಳ ಅಳತೆ ಮಾಯವಾದರೆ ಪಾಲುದಾರರ ಮುಂದೆ ಯಾರತ್ತ ಬೆರಳು ತೋರಿಸುತ್ತೀರಿ? ನಾನಂತೂ ಅಲ್ಲಿಲ್ಲ. ನೆನೆದರೆ ಎದೆ ಡವಡವ ಎನ್ನುತ್ತದೆ. ಸಂತೋಷಕ್ಕಲ್ಲ ಎಂದು ಬರೆಯಹೊರಟೆ, ಕೈ ಬರಲಿಲ್ಲ.

ಇಂತಿ,
ಪಾಪುವಿನ ಅಮ್ಮ

ಮತ್ತೊಂದು ಮಾತು: ಈ ಪತ್ರ ಇಷ್ಟು ದಿನ ನನ್ನ ಚೀಲದಲ್ಲೇ ಇತ್ತು. ಭಾನುವಾರ ಅಂಗಡಿ ತೆರೆದಿರಿ, ನರ್ಸುಗಳೆಲ್ಲ ಬಂದು ಅಳತೆ ಕೊಟ್ಟುಹೋದರು, ಪ್ರತಿ ಸಲವೂ ಪರದೆ ಉಳಿಸಿದೆ ಎಂದಿತು ಅಂತ ಅತ್ತೆ ಹೆಮ್ಮೆಯಿಂದ ಹೇಳಿದರು. ಅದನ್ನು ಕೇಳಿದ ಮೇಲೆ ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ. ತಡವಾಯಿತೆಂದು ಅಂಚೆಯವನ ಮೇಲೆ ಹೊರಿಸಬೇಡಿ, ಪಾಪ. ಬೈಯುವ ಮೊದಲು ಲಕೋಟೆಯ ಮೇಲಿನ ಮುದ್ರೆಯ ತಾರೀಕನ್ನು ಇನ್ನೊಮ್ಮೆ ನೋಡಿ.